ಸಮುದ್ರದಲ್ಲಿ ತೊಳೆದ ಸೈಕಲ್ಲುಗಳು

ಇವತ್ತು ಬೆಳಿಗ್ಗೆ ಸಿಂಧನೂರಿನ ಖಾಸಿಂಸಾಬನ ಸೈಕಲ್ ಅಂಗಡಿಯ ಮುಂದೆ ನಿಂತಾಗ ಗ್ರೀಸಿನ ವಾಸನೆ ಮೂಗಿಗೆ ಬಡಿಯಿತು. ನಿಮಗೆ ಗ್ರೀಸ್ ಎಂದರೆ ಬರೀ ಗ್ರೀಸ್ ಇರಬಹುದು. ನನಗೆ ಅದರಿಂದ ಸಮುದ್ರ ನೆನಪಾಗುತ್ತದೆ.

ಆರೇಳು ವರ್ಷದ ಹಿಂದೆ ನಾವಿಬ್ಬರೂ ಹೊನ್ನಾವರದ ಕಡೆ ಹೋಗಿದ್ದೆವು. ಖಾಸಿಂ ನನ್ನ ಬಾಲ್ಯದ ಗೆಳೆಯ. ನಾನು ಮೇಷ್ಟ್ರಾದ ಮೇಲೆ ಎಷ್ಟು ಬೈದರೂ ‘ಸರ’ ಅನ್ನುವುದನ್ನು ಬಿಟ್ಟಿಲ್ಲ. ಅಲ್ಲೊಬ್ಬ ಅಮ್ಮನ ಹತ್ತಿರ ಎರಡು ಸೈಕಲ್ ಬಾಡಿಗೆಗೆ ತೆಗೆದುಕೊಂಡೆವು. ಯಾವೂರು ಎಂದು ಕೇಳಿದ್ದಕ್ಕೇ ನಾನು ವಿಜ್ಞಾನದ ಮೇಷ್ಟ್ರೆಂದೂ ಇವನು ಸೈಕಲ್ ರಿಪೇರಿಯಲ್ಲಿ ಪಳಗಿದವನೆಂದೂ ಪುರಾಣ ಬಿಚ್ಚಿದೆ.

ತೆಂಗಿನ ತೋಟ, ಒಣಮೀನಿನ ಅಂಗಳ ದಾಟಿ ಹೋದೆವು. ಬಯಲುಸೀಮೆಯ ನಾನು ಏರು ಬಂದಲ್ಲೆಲ್ಲ ಇಳಿದು ತಳ್ಳಿದೆ. ಕೊನೆಗೆ ಸಮುದ್ರ ಕಂಡಾಗ ಖಾಸಿಂ ಬಹಳ ಹೊತ್ತು ನೋಡಿ, “ಇಷ್ಟೆಲ್ಲಾ ನೀರೈತಿ, ಒಂದೆಕರೆ ನೆಲ್ಲು ಕಾಣವಲ್ದಲ್ರೀ ಸರ” ಅಂದ.

ಅವನು ನಮಾಜಿಗೆ ಹೋದಾಗ ನನಗೊಂದು ಘನಂದಾರಿ ಯೋಚನೆ ಹೊಳೆಯಿತು. ನಮ್ಮೂರು ಜವಳಗೇರಾದಲ್ಲಿ ಇಸಗೊಂಡ ಬಂಡಿಯಾಗಲಿ ಸೈಕಲ್ಲಾಗಲಿ, ಕಾಲುವೆಗಿಳಿಸಿ ತೊಳೆದೇ ವಾಪಸು ಕೊಡುವುದು ರೂಢಿ. ಎರಡೂ ಸೈಕಲ್ಲುಗಳನ್ನು ಸಮುದ್ರಕ್ಕಿಳಿಸಿ, ಮರಳು ಹಚ್ಚಿ ತಿಕ್ಕಿ ಫಳಫಳ ಮಾಡಿದೆ.

ವಾಪಸು ಕೊಡುವಾಗ ಆ ಅಮ್ಮ ರಿಮ್ಮಿನ ಮೇಲೆ ಬೆರಳಾಡಿಸಿ ನಾಲಿಗೆಗೆ ಮುಟ್ಟಿಸಿದಳು. “ಸಮುದ್ರದಲ್ಲಿ ಅದ್ದಿದ್ದು ಯಾರು?”

ಎಂಟನೇ ತರಗತಿಯ ತುಕ್ಕಿನ ಪಾಠ ನನಗೆ ನೆನಪಾದದ್ದು ಆಗಲೇ. ತಲೆ ತಗ್ಗಿಸಿದೆ. ಖಾಸಿಂ ಮೊಣಕಾಲವರೆಗೆ ತೊಯ್ದ ನನ್ನ ಪ್ಯಾಂಟು ನೋಡಿದ. “ನಾನs ರೀ ಅಮ್ಮಾ” ಅಂದ.

“ರಿಪೇರಿ ಮಾಡುವವರು ಅಂತೀರಿ. ಉಪ್ಪುನೀರು ಕಬ್ಬಿಣ ತಿನ್ನುತ್ತದೆ ಅಂತ ಗೊತ್ತಿಲ್ವಾ? ಕೆಲಸ ಯಾರು ಕಲಿಸಿದ್ದು ನಿಮಗೆ?”

ಅವನಿಗೆ ಕೆಲಸ ಕಲಿಸಿದ್ದು ಅವನ ಅಪ್ಪ. ಖಾಸಿಂ ಆಕೆಯ ಹತ್ತಿರವೇ ಪಾನಾ ಇಸಗೊಂಡು ಎರಡೂ ಸೈಕಲ್ಲಿನ ಚೈನು, ಗಾಲಿ ಬಿಚ್ಚಿ, ಸಿಹಿನೀರಲ್ಲಿ ತೊಳೆದು, ಗ್ರೀಸ್ ತುಂಬಿ ಜೋಡಿಸುವಷ್ಟರಲ್ಲಿ ಸೂರ್ಯ ಮುಳುಗಿಹೋಗಿದ್ದ. ನಾನು ಬಾವಿಯಿಂದ ನೀರು ಸೇದಿಕೊಟ್ಟೆ. ಬಾಯಿ ಮಾತ್ರ ಬಿಡಲಿಲ್ಲ.

ಊರಿಗೆ ಬಂದ ಮೇಲೆ ಅವನೇ ಅದನ್ನೊಂದು ನಗೆಯ ಕಥೆ ಮಾಡಿಕೊಂಡ. ಗಿರಾಕಿಗಳಿಗೆಲ್ಲ ತಾನೇ ತೊಳೆದೆ ಎಂದು ಹೇಳುತ್ತಿದ್ದ. ಪಕ್ಕದಲ್ಲಿ ಕೂತು ನಾನೂ ನಗುತ್ತಿದ್ದೆ, ನಾಚಿಕೆಗೆಟ್ಟು.

ಇವತ್ತೂ ಹೇಳಿದ. ಪಾಮನಕಲ್ಲೂರಿನ ರೈತರೊಬ್ಬರು ನಕ್ಕು, “ಹಂಗಾರ ನಿನ್ನ ಕೈಯಾಗ ಸೈಕಲ್ ಕೊಡಾಕ ವಿಚಾರ ಮಾಡಬೇಕಪಾ” ಅಂದರು. ತಮಾಷೆಗೇ ಅಂದದ್ದು. ಖಾಸಿಂನ ಮುಖದ ಮೇಲಿನ ನಗು ಮಾತ್ರ ಒಂದು ಗಳಿಗೆ ಹಾಗೇ ನಿಂತುಬಿಟ್ಟಿತು. ನನಗೆ ತಡೆಯಲಾಗಲಿಲ್ಲ.

“ತೊಳದಾವ ಅಂವ ಅಲ್ರೀ, ನಾನು. ಅಂವ ನನ್ನ ಮಾನ ಉಳಿಸಿದ.”

ಖಾಸಿಂ ಗಾಲಿ ತಿರುಗಿಸುವುದನ್ನು ನಿಲ್ಲಿಸಿ, ಕೈ ಒರೆಸಿಕೊಂಡು ನನ್ನ ಪಕ್ಕ ಬಂದು ಕೂತ.

“ಆಕಿ ನಮ್ಮಪ್ಪನ ತನಕ ಹೋದ್ಲಲ್ರೀ ಸರ” ಅಂದ ಮೆಲ್ಲಗೆ. “ಅದೊಂದು ಮನಸಿಗೆ ಭಾಳ ಹತ್ತಿತ್ತು. ನಕ್ಕೊಂತ ಹೇಳಿದ್ರರ ಹೋಗ್ತೈತೇನೋ ಅಂತ ಮಾಡಿದ್ದೆ.”