ಫ್ಯಾನ್ ನಿಂತ ಸುದ್ದಿ

ಪೀಣ್ಯದ ಈ ಪ್ಲೇಟಿಂಗ್ ಕಾರ್ಖಾನೆಯ, ಅಂದರೆ ಲೋಹಕ್ಕೆ ಲೇಪ ಹಾಕುವ ಕಾರ್ಖಾನೆಯ, ಗೇಟಿನಲ್ಲಿ ಬೆಳಗಿನ ಶಿಫ್ಟಿನವರು ಕಾಯುತ್ತಿದ್ದಾರೆ. ಒಳಗೆ ದೀಪಶ್ರೀ, ಆಸಿಡ್ ತೊಟ್ಟಿಗಳ ಮೇಲಿನ ಹೊಗೆ ಎಳೆಯುವ ಫ್ಯಾನನ್ನು ಬೇಕೆಂದೇ ನಿಲ್ಲಿಸುತ್ತಾರೆ. ಫ್ಯಾನ್ ನಿಂತರೆ ಸರ್ವರ್‌ಗೆ ಎಚ್ಚರಿಕೆಯ ಮೇಲ್ ಹೋಗಬೇಕು, ಅಲ್ಲಿಂದ ಅದು ಸೂಪರ್‌ವೈಸರ್ ಚಿಕ್ಕಬೈರಪ್ಪನವರ ಮೊಬೈಲಿಗೆ ಬರಬೇಕು. ಬರುವವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ.

“ಬಂತು ಮೇಡಂ. ದಿನಾ ಇದೇ ಪೂಜೆ ಆಯ್ತು ನಿಮ್ದು,” ಎಂದು ಚಿಕ್ಕಬೈರಪ್ಪ ಗೊಣಗುತ್ತಾರೆ. ದೀಪಶ್ರೀ ಫ್ಯಾನ್ ಹಾಕಿ ಗೇಟಿನತ್ತ ಕೈ ಮಾಡುತ್ತಾರೆ.

ಇಲ್ಲಿ ಕಂಪ್ಯೂಟರ್ ವಿಭಾಗ ಎಂದರೆ ಇವರೊಬ್ಬರೇ. ಪ್ರಿಂಟರ್ ನಿಂತರೂ ಇವರೇ, ಕ್ಯಾಮೆರಾ ಕೆಟ್ಟರೂ ಇವರೇ. ಲಿನಕ್ಸ್ ಸರ್ವರ್ ಇರುವುದು ಮೆಟ್ಟಿಲ ಕೆಳಗೆ, ಆಸಿಡ್ ಗಾಳಿಗೆ ಅದರ ಸ್ಕ್ರೂಗಳೂ ತುಕ್ಕು ಹಿಡಿದಿವೆ. ಮೇಲ್ ಬರುತ್ತಿರುವಾಗ ಯಾರಿಗೂ ಇವರ ನೆನಪಿಲ್ಲ, ನಿಂತಾಗ ಮಾತ್ರ ಕೂಗು. ಎರಡು ವರ್ಷದ ಹಿಂದೆ ಒಂದು ಮೇಲ್ ಬರಲಿಲ್ಲ. ಅದು ಬರಬೇಕಿತ್ತೆಂದೇ ಗೊತ್ತಿಲ್ಲದ್ದರಿಂದ ಯಾರೂ ಕೂಗಲಿಲ್ಲ.

ಎಚ್ಚರಿಕೆ ಯಾರ್‍ಯಾರಿಗೆ ಹೋಗಬೇಕೆಂದು ಬರೆದಿರುವ ಫೈಲಿಗೆ ಆಗ ಹೊಸ ಸೂಪರ್‌ವೈಸರ್ ವಿಳಾಸ ಸೇರಿಸಬೇಕಿತ್ತು. ಫೈಲ್ ಸರ್ವರ್‌ನ ಬೇರೊಂದು ಲಾಗಿನ್ ಖಾತೆಯ ಹೆಸರಿನಲ್ಲಿದ್ದುದರಿಂದ ಸೇವ್ ಆಗಲಿಲ್ಲ. “ಮನೆಗೆ ಹೋಗೋ ಅರ್ಜೆಂಟು ಸಾರ್. ಯಾರು ಬೇಕಾದ್ರೂ ತಿದ್ದಬೋದು ಅಂತ ಪರ್ಮಿಷನ್ ಪೂರ್ತಿ ಬಿಟ್ಕೊಟ್ಬಿಟ್ಟೆ. ಸೇವ್ ಆಯ್ತು. ನಮ್ ಲೈನಲ್ಲಿ ಎಲ್ರೂ ಮಾಡೋದೇ ಇದು,” ಎಂದು ಪತ್ರಿಕೆಗೆ ಬರೆಯಲು ಬಂದಿರುವ ನನಗೆ ದೀಪಶ್ರೀ ಹೇಳುತ್ತಾರೆ.

ಆತುರಗಾರನಿಗೆ ಬುದ್ಧಿ ಮಟ್ಟ. ಕಂಡವರೆಲ್ಲ ತಿದ್ದಬಹುದಾದ ಫೈಲನ್ನು ಆ ಮೇಲ್ ಸರ್ವರ್ ನಂಬುವುದಿಲ್ಲ. ಅದನ್ನು ಓದದೆ ಬದಿಗಿಟ್ಟು, ಬಂದ ಮೇಲ್‌ಗಳನ್ನೆಲ್ಲ ತನ್ನಲ್ಲೇ ಇಟ್ಟುಕೊಂಡು ಸುಮ್ಮನಾಗುತ್ತದೆ.

ಆ ವಾರವೇ ಫ್ಯಾನಿನ ಮೋಟಾರು ಸುಟ್ಟಿತು. ತೊಟ್ಟಿಯ ಬಳಿ ಇದ್ದವರು ಯಾದಗಿರಿ ಕಡೆಯ ಯಮನಪ್ಪ. ಹೊಗೆ ಕುಡಿದ ಅವರ ಶ್ವಾಸಕೋಶ ಮತ್ತೆ ಸರಿಹೋಗಲಿಲ್ಲ. ತನಿಖೆ ಮೋಟಾರಿನ ಮೇಲೆ ತಪ್ಪು ಹೊರಿಸಿ ಮುಗಿಯಿತು. ಎಚ್ಚರಿಕೆಗಳು ಸರ್ವರ್‌ನಲ್ಲೇ ಬಿದ್ದಿದ್ದನ್ನು ಕಂಡವರು ದೀಪಶ್ರೀ ಒಬ್ಬರೇ. ಫೈಲಿನ ಪರ್ಮಿಷನ್ ಸರಿಮಾಡಿದರು, ಮಾತನ್ನು ನುಂಗಿಕೊಂಡರು. ಇದನ್ನು ಕೇಳುವಾಗ ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಂಕಟ.

ಯಮನಪ್ಪ ಈಗ ಇದೇ ಗೇಟಿನ ಕಾವಲುಗಾರ. ಬಾಡಿಗೆಗಿರುವುದೂ ಚಿಕ್ಕಬಾಣಾವರದಲ್ಲಿ, ದೀಪಶ್ರೀಯವರ ತಂದೆ ರಾಗಿ ಹೊಲದಲ್ಲಿ ಕಟ್ಟಿಸಿದ ವಠಾರದಲ್ಲೇ. ಗೋಡೆಯಾಚೆ ಅವರು ಕೆಮ್ಮಿದರೆ ದೀಪಶ್ರೀ ಊಟದ ತಟ್ಟೆ ಬಿಟ್ಟು ಏಳುತ್ತಾರೆ.

“ದೀಪಕ್ಕಾರು ಭಾಳ ಚಲೋರಿ,” ಎನ್ನುತ್ತಾರೆ ಯಮನಪ್ಪ, ಮಧ್ಯೆ ಮಧ್ಯೆ ಉಸಿರು ತೆಗೆದುಕೊಳ್ಳುತ್ತ. “ನಾ ದವಾಖಾನ್ಯಾಗ ಇದ್ದಾಗ ದಿನಾ ಬುತ್ತಿ ತರ್ತಿದ್ರು.” ಪಕ್ಕದಲ್ಲೇ ಇರುವ ದೀಪಶ್ರೀ ನೆಲ ನೋಡುತ್ತಾರೆ.

ಹೊರಡುವಾಗ ದೀಪಶ್ರೀಯವರನ್ನು ಪಕ್ಕಕ್ಕೆ ಕರೆದು, ಇದನ್ನೆಲ್ಲ ಭಾನುವಾರದ ಪತ್ರಿಕೆಯಲ್ಲಿ ಬರೆಯಬೇಕೇ ಎಂದು ಕೇಳುತ್ತೇನೆ.

“ಬರೀರಿ ಸಾರ್. ಭಾನುವಾರ ಗೇಟಲ್ಲಿ ಕೂತ್ಕೊಂಡು ಯಮನಪ್ಪಣ್ಣ ಪೇಪರ್ ಪೂರ್ತಿ ಓದ್ತಾರೆ. ಎರಡು ವರ್ಷದಿಂದ ಹೇಳೋಕೆ ಬಾಯೇ ಬಂದಿಲ್ಲ ನಂಗೆ. ನೀವು ಬರೆದ್ರೆ, ಶನಿವಾರದೊಳಗೆ ನಾನೇ ಹೇಳ್ಲೇಬೇಕಾಗುತ್ತೆ.”