ಸೊಸೆ ಹೊಲಿದ ಕೌದಿ

“ಇದು ನನ್ನ ಸೊಸೆ ಹೊಲ್ದದ್ದು ಅಮ್ಮಣಿ. ಮುಗಿಸಕ್ಕೆ ಈಗ ಅವಳಿಲ್ಲ” ಎನ್ನುತ್ತಾ ವಯಸ್ಸಾದ ಅಮ್ಮ ಒಬ್ಬರು ತಮಿಳುನಾಡಿನ ಕಂಬಂನಲ್ಲಿರುವ ನನ್ನ ಹೊಲಿಗೆ ಅಂಗಡಿಯಲ್ಲಿ ಕೌದಿಯ ಮೇಲುಬಟ್ಟೆ ಹರಡಿದರು. ಹಳೆ ಸೀರೆಯ ತುಂಡುಗಳನ್ನು ಕೈಯಲ್ಲೇ ಕೂಡಿಸಿದ್ದ ಬಟ್ಟೆ. ನಾನು ಒಳಗೆ ಹತ್ತಿಯಿಟ್ಟು ಮಿಷನ್ ಹೊಲಿಗೆ ಹಾಕಿಕೊಟ್ಟರೆ ಮೊಮ್ಮಗಳಿಗೆ ಹೊದಿಕೆಯಾಗುತ್ತಿತ್ತು.

ಚೌಕ, ಅಲೆ, ದ್ರಾಕ್ಷಿಬಳ್ಳಿ ಎಂದು ಡಿಸೈನ್‌ಗಳನ್ನು ತೋರಿಸಿದೆ. ಬಳ್ಳಿ ಅವರಿಗೆ ಹಿಡಿಸಿತು. ಅಷ್ಟರಲ್ಲಿ ಒಂದು ಅಂಚಿನ ಕೈಹೊಲಿಗೆ ಸೊಟ್ಟಸೊಟ್ಟಗಿರುವುದು ಕಂಡು, “ಇದನ್ನು ಬಿಚ್ಚಿ ಸರಿಮಾಡ್ತೀನಿ” ಎಂದೆ.

ಅವರು ಥಟ್ಟನೆ ನನ್ನ ಕೈ ಹಿಡಿದುಕೊಂಡರು. “ವೇಣಾಂ ಅಮ್ಮಣಿ, ಬಿಚ್ಚಬ್ಯಾಡ! ಆಸ್ಪತ್ರೆ ಮಂಚದ್ಮೇಲೆ ಕೂತು ಹೊಲ್ದದ್ದು ಅದು. ಕೈ ನಡುಗ್ತಿತ್ತು, ಆದ್ರೂ ಬಿಡಲಿಲ್ಲ. ಕೂಸಿಗೆ ಅವಳದು ಅಂತ ಇರೋದು ಇದೊಂದೇ.”

ಬಳ್ಳಿ ಹೊಲಿದಿದ್ದರೆ ಆ ಕೈಹೊಲಿಗೆಯೆಲ್ಲ ಮುಚ್ಚಿಹೋಗುತ್ತಿತ್ತು. ಹಾಗಾಗಿ ಡಿಸೈನನ್ನೇ ಬಿಟ್ಟು, ತುಂಡುಗಳು ಕೂಡುವ ಗೆರೆಯ ಪಕ್ಕದಲ್ಲೇ, ಬಟ್ಟೆಯದೇ ಬಣ್ಣದ ನೂಲಿನಲ್ಲಿ, ಅವಳ ಹೊಲಿಗೆಗೆ ತಾಗದಂತೆ ಮಿಷನ್ ಓಡಿಸಿದೆ. ಆ ಸೊಟ್ಟ ಅಂಚಿಗೆ ಬಂದಾಗ ಕಣ್ಣು ಮಂಜಾಗಿ ಸೂಜಿ ಕಾಣದೆ ಮಿಷನ್ ನಿಲ್ಲಿಸಿ ಕಣ್ಣೊರೆಸಿಕೊಂಡೆ.

ಆ ಸೊಸೆಯನ್ನು ನಾನು ಕಂಡವಳೇ ಅಲ್ಲ. ಆದರೆ ಈಗ ಯಾರೇ ಕೈಹೊಲಿಗೆಯ ಬಟ್ಟೆ ತಂದರೂ ಡಿಸೈನ್ ತೋರಿಸುವ ಮೊದಲು, ಇದು ಯಾರು ಹೊಲಿದದ್ದು ಎಂದು ಕೇಳುತ್ತೇನೆ.