ಹೊಗೆಮಾವನ ಡ್ರಮ್ಮು

ಬೀದಿಯವರೆಲ್ಲ ಹೊಗೆಮಾವ ಎಂದೇ ಕರೆಯುವ ಈ ನಿವೃತ್ತ ವೆಲ್ಡರ್‌ಗೆ ಭಾನುವಾರ ಬಂತೆಂದರೆ ಮೈಮೇಲೆ ಬಂದ ಹಾಗೆ. ಹಂದಿಮಾಂಸದ ಅಂಗಡಿಯವನು ಒಳ್ಳೆಯ ತುಂಡು ತೋರಿಸಿದರೆ, "ಮೂಳೆ ಇಲ್ಲದ್ದು ಹೊಗೇಲಿ ಒಣಗಿ ಕೊರಡಾಗುತ್ತಪ್ಪಾ, ಕತ್ತಿನ ಮೂಳೆ ಹಾಕು," ಎಂದು ಯಾರೂ ಕೇಳದ ಅಗ್ಗದ ತುಂಡುಗಳನ್ನೇ ಆರಿಸಿ ತರುತ್ತಾನೆ. ತಾನೇ ಬೆಸುಗೆ ಹಾಕಿದ ಹಳೆಯ ಡ್ರಮ್ಮಿನೊಳಗೆ ಅವನ್ನು ಜೋಡಿಸಿ, ಕೆಳಗೆ ಸೀಬೆ ಕಟ್ಟಿಗೆಯ ಸಣ್ಣ ಕೆಂಡವಿಟ್ಟರೆ, ಎಂಟು ಗಂಟೆ ಹೊತ್ತು ಕುರ್ಚಿ ಬಿಟ್ಟು ಏಳುವುದಿಲ್ಲ. "ಒಣಹಾಕಿರೋ ನಮ್ಮ ಹೊದಿಕೆಗೂ ಮಸಾಲೆ ಹಚ್ಚಿಬಿಡಿ ಮಾವ, ಹೊಗೆ ಆಗ್ಲೇ ಹತ್ತಿದೆ!" ಎಂದು ಪಕ್ಕದ ಮನೆಯಾಕೆ ಕೂಗಿದರೂ ಜಗ್ಗುವವನಲ್ಲ. ಮಳೆ ಬಂದರೆ ಕೊಡೆ ಡ್ರಮ್ಮಿಗೆ, ತಲೆಗೆ ಬರೀ ಟವೆಲ್ಲು. ಹಸಿದ ಅಳಿಯ ಚಾಕು ಹಿಡಿದು ಮುಚ್ಚಳಕ್ಕೆ ಕೈಹಾಕಿದರೆ, "ಚಾಕು ಒಳಗಿಡಿ ಅಳಿಯಂದಿರೇ, ಮಾಂಸ ತಾನಾಗೇ ಮೂಳೆ ಬಿಡಬೇಕು," ಎಂದು ಗದರುತ್ತಾನೆ. ಸಂಜೆ ಮೂಳೆ ಸಲೀಸಾಗಿ ಕಳಚಿ ಕೈಗೆ ಬಂದ ಮೇಲೆ, ಮೊದಲ ಎಳೆಯನ್ನು ಬೆರಳಲ್ಲಿ ಹಿಸುಕಿ ನೋಡಿ ಹೆಂಡತಿಯ ತಟ್ಟೆಗೆ ಹಾಕುತ್ತಾನೆ. ದವಡೆಯ ಆಪರೇಷನ್ ಆದಾಗಿನಿಂದ ಅವಳ ಬಾಯಿ ಬೆರಳಗಲಕ್ಕಿಂತ ಹೆಚ್ಚು ತೆರೆಯದು. ವಾರವಿಡೀ ಗಂಜಿ ಕುಡಿದವಳು ನಿಧಾನವಾಗಿ ನುಂಗಿ, "ಉಪ್ಪು ಜಾಸ್ತಿ ಆಯ್ತು," ಎಂದು ಗೊಣಗಿ, ತಟ್ಟೆಯನ್ನು ಮತ್ತೆ ಮುಂದೆ ಚಾಚುತ್ತಾಳೆ.